"ಏನೀಗ?" ಅಂದರೆ ಏನರ್ಥ? ತರಾಟೆಗೆ ತೆಗೆದುಕೊಳ್ಳುವ ಆಡುಮಾತುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಕಲಿಯುತ್ತಿರುವವರು, ಕೆಲಸಕ್ಕಾಗಿ ಊರು ಬದಲಿಸಿದವರು, ಮಕ್ಕಳ ಬಾಯಲ್ಲಿ ಹೊಸ ಮಾತು ಕೇಳಿ ಗಾಬರಿಯಾದ ಅಪ್ಪ ಅಮ್ಮಂದಿರು. ಇವರೆಲ್ಲ ಎದುರಿಗೆ ಸಿಕ್ಕಾಗ, ಪತ್ರ ಬರೆದಾಗ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಒಬ್ಬರ ನಡತೆಯನ್ನು ಮುಖದ ಮೇಲೆ ಪ್ರಶ್ನಿಸಲು ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ! ಅವುಗಳಲ್ಲಿ ಹೆಚ್ಚಿನವು ಬೈಗುಳ ಅಲ್ಲ. ಎದುರಿನವರಿಗೆ ತಿದ್ದಿಕೊಳ್ಳಲು ಜಾಗ ಬಿಡುವ ಮಾತುಗಳು. ಆ ಜಾಗ ಎಲ್ಲಿದೆ ಅಂತ ಗೊತ್ತಾದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ ಅನ್ನುವುದು ನನ್ನ ನಂಬಿಕೆ.

## ಮೊದಲು ತಿಳಿಯಬೇಕಾದವು

"ಏನ್ ಗುರು" ಅಂದ್ರೆ ಕುಶಲ ಕೇಳೋದಾ, ಜಗಳಕ್ಕೆ ಕರೆಯೋದಾ?

ಎರಡಕ್ಕೂ ಅದೇ ಮಾತು. "ಏನ್ ಗುರೂ, ಕಾಣ್ಸೋದೇ ಇಲ್ಲ" ಅಂದರೆ ಪ್ರೀತಿ. "ಏನ್ ಗುರು, ಹಿಂಗಾ ಗಾಡಿ ನಿಲ್ಸೋದು?" ಅಂದರೆ ತರಾಟೆ. ಮುಂದಿನ ಮಾತು ಬರುವ ಮೊದಲೇ ಧ್ವನಿಯಲ್ಲಿ ಗೊತ್ತಾಗುತ್ತದೆ. ಕುಶಲ ಕೇಳುವವರು ಕೊನೆಯನ್ನು ಎಳೆಯುತ್ತಾರೆ. ತರಾಟೆಗೆ ಬಂದವರು ಗಿಡ್ಡವಾಗಿ ಹೇಳಿ, ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಕ್ಷಣದಲ್ಲಿ "ಸಾರಿ ಗುರು, ತೆಗೀತೀನಿ" ಅಂದುಬಿಟ್ಟರೆ ವಿಷಯ ಅಲ್ಲಿಗೆ ಮುಗಿಯಿತು.

ಕರೆಯುವ ಹೆಸರನ್ನೂ ಗಮನಿಸಿ. ಅಪರಿಚಿತರ ನಡುವೆ "ಗುರು" ಮತ್ತು "ಬಾಸ್" ಸಮಾನರ ಮಾತು. "ಮಗಾ" ಗೆಳೆಯರಿಗೆ ಸರಿ, ಗೊತ್ತಿಲ್ಲದವರಿಗೆ ಅಂದರೆ ಅವರನ್ನು ಚಿಕ್ಕವರನ್ನಾಗಿ ಮಾಡಿದಂತೆ. "ಶಿಷ್ಯ" ಅಂದರೆ ಹೇಳುವವನು ತಾನೇ ಗುರುವಿನ ಜಾಗಕ್ಕೆ ಏರಿದ ಅಂತ. ಅದರಲ್ಲಿ ಸವಾಲು ಇದ್ದೇ ಇರುತ್ತದೆ.

ಈ ಮಾತುಗಳೆಲ್ಲಾ ಪ್ರಶ್ನೆ ಥರಾನೇ ಇರ್ತವಲ್ಲ. ಉತ್ತರ ಕೊಡ್ಬೇಕಾ?

"ಏನೀಗ?" "ಏನಿವಾಗ?" "ಯಾಕೆ, ಹೆಂಗಿದೆ ಮೈಗೆ?" "ಏನ್ ನಿಂದು?" "ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?" "ಕೇಳೋಕೆ ನೀನ್ಯಾರು?" ಹೌದು, ಕನ್ನಡದಲ್ಲಿ ಕೆಣಕುವ ಮಾತು ಬಹುಪಾಲು ಪ್ರಶ್ನೆಯ ಅಂಗಿ ತೊಟ್ಟೇ ಬರುತ್ತದೆ. ಆದರೆ ಎಲ್ಲವೂ ಒಂದೇ ಥರದ ಪ್ರಶ್ನೆ ಅಲ್ಲ.

"ಏನ್ ನಿಂದು?" ಅನ್ನುವುದಕ್ಕೆ ಉತ್ತರ ಕೊಡಬಹುದು. ಅದನ್ನು ಕೇಳಿದವರಿಗೆ ನಿಮ್ಮ ತಕರಾರು ಏನು ಅಂತ ನಿಜವಾಗಿಯೂ ತಿಳಿಯಬೇಕಿರುತ್ತದೆ. "ಏನಿವಾಗ?" ಅನ್ನುವುದು ಬೇರೆ. ನೀವು ತಪ್ಪು ತೋರಿಸಿದ್ದೀರಿ, ಅವರು ಒಪ್ಪಿಕೊಂಡೂ ಇದ್ದಾರೆ, ಆದರೆ ತಲೆ ಬಾಗಿಸಲು ತಯಾರಿಲ್ಲ. ಅದಕ್ಕೆ ಉತ್ತರ ಕೊಡಲು ಹೋದರೆ ಮಾತು ಬೆಳೆಯುತ್ತದೆ. "ಏನಿಲ್ಲ, ಹೇಳ್ದೆ ಅಷ್ಟೇ" ಅಂದು ಹೊರಟುಬಿಡುವುದು ಒಳ್ಳೆಯದು. "ಹೆಂಗಿದೆ ಮೈಗೆ?" ಅನ್ನುವುದಕ್ಕಂತೂ "ಚೆನ್ನಾಗಿದೆ" ಅಂತ ಯಾವತ್ತೂ ಹೇಳಬೇಡಿ. ಅದು ಹೊಡೆತಕ್ಕೆ ಒಂದು ಹೆಜ್ಜೆ ಮುಂಚಿನ ಮಾತು.

ಕೊಬ್ಬು, ಸೊಕ್ಕು, ಧಿಮಾಕು, ತಿಮಿರು, ಪೊಗರು. ಎಲ್ಲಾ ಒಂದೇ ಅಲ್ವಾ?

ನಿಘಂಟಿನಲ್ಲಿ ಎಲ್ಲಕ್ಕೂ "ಅಹಂಕಾರ" ಅಂತಲೇ ಸಿಗುತ್ತದೆ. ಬಾಯಲ್ಲಿ ಹಾಗಲ್ಲ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಕೊಬ್ಬು ಮೈಯಲ್ಲಿರುವುದು. ತಿಂದದ್ದು ಜಾಸ್ತಿಯಾಗಿ, ಕೆಲಸ ಕಡಿಮೆಯಾಗಿ ಬಂದದ್ದು. ಹಾಗಾಗಿ "ಕೊಬ್ಬು ಜಾಸ್ತಿ ಆಗಿದೆ" ಅನ್ನುವಾಗ, ಅದನ್ನು ಕರಗಿಸಬಹುದು ಅನ್ನುವ ಸೂಚನೆಯೂ ಒಳಗಿರುತ್ತದೆ. "ಕೊಬ್ಬು ಇಳಿಸ್ತೀನಿ" ಅನ್ನುವ ಬೆದರಿಕೆ ಬಂದದ್ದು ಅಲ್ಲಿಂದಲೇ. ಸೊಕ್ಕು ಅಮಲಿಗೆ ಸಂಬಂಧಿಸಿದ್ದು. ಹಳಗನ್ನಡದ "ಸೊರ್ಕು" ಅಂದರೆ ಮದ, ಅಮಲು. ಮದವೇರಿದ ಆನೆಯನ್ನು ಸೊಕ್ಕಾನೆ ಅನ್ನುತ್ತಾರೆ. ಸೊಕ್ಕಿದವನಿಗೆ ಎದುರಿಗಿರುವುದು ಕಾಣುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಇದರ ಜೊತೆಗೇ "ಮಸ್ತಿ" ಇದೆ. "ಮಸ್ತಿ ಬಂದೈತೇನಲೇ?" ಅನ್ನುತ್ತಾರೆ. ಪಾರ್ಸಿಯ "ಮಸ್ತ್" ಅಂದರೂ ಅಮಲೇರಿದ ಅಂತಲೇ ಅರ್ಥ. ಎರಡು ಬೇರೆ ಬೇರೆ ಭಾಷೆಯ ಪದಗಳು ಒಂದೇ ಚಿತ್ರ ಹಿಡಿದು ಒಂದೇ ಬಾಯಲ್ಲಿ ಬಂದು ಕೂತಿವೆ.

ಧಿಮಾಕು ತಲೆಯದು. ಉರ್ದುವಿನ "ದಿಮಾಗ್" ಅಂದರೆ ಮೆದುಳು, ಅದರ ಬೇರು ಅರಬ್ಬಿ. ಓದಿದವನು, ಹುದ್ದೆಯಲ್ಲಿರುವವನು, ತನಗೆಲ್ಲ ಗೊತ್ತು ಅಂದುಕೊಂಡವನು ತೋರಿಸುವುದು ಧಿಮಾಕು. ಕಟ್ಟುಮಸ್ತಾದ ಹುಡುಗ ಬೀದಿಯಲ್ಲಿ ತೋರಿಸುವುದು ಕೊಬ್ಬು. ಅವನಿಗೆ ಧಿಮಾಕು ಅನ್ನುವುದು ಕಡಿಮೆ. ತಿಮಿರು ತಮಿಳಿನಲ್ಲೂ ಇದೆ. ಹೇಳಿದ ಮಾತು ಕೇಳದ ಮೊಂಡುತನ ಅದರಲ್ಲಿ ಸೇರಿರುತ್ತದೆ.

ಪೊಗರಿನ ಕಥೆ ಬೇರೆ. ಹಳಗನ್ನಡದಲ್ಲಿ "ಪೊಗರ್" ಅಂದರೆ ಹೊಳಪು, ಕಾಂತಿ. ಇವತ್ತಿಗೂ ಪೊಗರು ಅನ್ನುವಾಗ ಸ್ವಲ್ಪ ಮೆಚ್ಚುಗೆ ಉಳಿದಿದೆ ಅಂತ ನನಗೆ ಅನಿಸುತ್ತದೆ. "ಎಷ್ಟು ಪೊಗರು ನೋಡು ಅವಳಿಗೆ" ಅನ್ನುವವರ ಕಣ್ಣಲ್ಲಿ ಸಣ್ಣ ಬೆರಗು ಇರುತ್ತದೆ. ಕೊಬ್ಬಿಗೆ ಆ ಮರ್ಯಾದೆ ಇಲ್ಲ.

ಬೆಂಗಳೂರಿನ "ಗಾಂಚಾಲಿ" ಬೇಕಂತಲೇ ಮಾಡುವ ಕಿರಿಕ್ಕು. ಗೆಳೆಯರಲ್ಲಿ ನಡೆಯುತ್ತದೆ, ಹಿರಿಯರ ಮುಂದೆ ಬೇಡ.

ಸುಳ್ಳು ಹೇಳ್ತಿದಾರೆ ಅಂತ ಗೊತ್ತು. "ಸುಳ್ಳು" ಅನ್ನೋ ಪದ ಬಳಸದೆ ಹೇಗೆ ಹೇಳೋದು?

ಕನ್ನಡ ಇಲ್ಲಿ ತುಂಬಾ ಉದಾರಿ. "ಸುಳ್ಳ" ಅಂದರೆ ಮನುಷ್ಯನನ್ನೇ ತಳ್ಳಿಹಾಕಿದಂತೆ. "ಕಾಗೆ ಹಾರಿಸ್ಬೇಡ" ಅಂದರೆ ಆ ಒಂದು ಮಾತನ್ನು ಮಾತ್ರ ತಳ್ಳಿದಂತೆ. "ಓಳು ಬಿಡ್ಬೇಡ", "ರೀಲು ಬಿಡ್ಬೇಡ", "ಬೊಗಳೆ ಬಿಡ್ಬೇಡ" ಇವೂ ಹಾಗೆಯೇ. ಹೇಳಿದವನು ನಕ್ಕು ಸುಮ್ಮನಾಗಬಹುದು.

"ನನ್ ಕಿವಿ ಮೇಲೆ ಹೂ ಇಡ್ಬೇಡ" ಅನ್ನುವುದು ಒಂದು ಹಂತ ಮೇಲೆ. ಇಲ್ಲಿ ನೀವು ನಿಮ್ಮ ಬಗ್ಗೆ ಹೇಳುತ್ತಿದ್ದೀರಿ: ನಾನು ಅಷ್ಟು ಪೆದ್ದ ಅಲ್ಲ ಅಂತ. ಮೋಸ ನಡೆದೇ ಹೋಗಿದ್ದರೆ "ಟೋಪಿ ಹಾಕ್ದ", "ನಾಮ ಹಾಕ್ದ", ತಪ್ಪಿಸಿಕೊಂಡು ಹೋಗಿದ್ದರೆ "ಚಳ್ಳೆಹಣ್ಣು ತಿನ್ನಿಸ್ದ". ಚಳ್ಳೆಹಣ್ಣಿನ ತಿರುಳು ಗೋಂದಿನ ಹಾಗೆ ಅಂಟಂಟು. ಅದನ್ನು ಬಾಯಿಗೆ ಹಾಕಿಕೊಂಡವರನ್ನು ಒಮ್ಮೆ ನೋಡಿದರೆ ಈ ಮಾತು ಯಾಕೆ ಹುಟ್ಟಿತು ಅಂತ ಯಾರೂ ವಿವರಿಸಬೇಕಿಲ್ಲ.

ಇಲ್ಲದ ನೋವು, ಇಲ್ಲದ ಪ್ರೀತಿ ತೋರಿಸುವವರಿಗೆ "ಡವ್ ಮಾಡ್ಬೇಡ". ಆದರೆ ಅಳುತ್ತಿರುವವರಿಗೆ ಇದನ್ನು ಹೇಳುವ ಮೊದಲು ಎರಡು ಸಲ ಯೋಚಿಸಿ. ನಿಮ್ಮ ಊಹೆ ತಪ್ಪಾಗಿದ್ದರೆ ಆ ಗಾಯ ಬೇಗ ಮಾಯುವುದಿಲ್ಲ.

"ಸ್ಕೋಪ್ ತಗೋಬೇಡ" ಅಂದ್ರೆ ಇಂಗ್ಲಿಷ್ ಗೊತ್ತಿರೋರಿಗೂ ಅರ್ಥ ಆಗಲ್ಲ, ಯಾಕೆ?

ಅದು ಈಗ ಕನ್ನಡ ಪದ, ಅದಕ್ಕೆ. ಸ್ಕೋಪ್ ಅಂದರೆ ಇಲ್ಲಿ ಜಂಬ ತೋರಿಸುವುದು. ಬಿಲ್ಡಪ್ ಅಂದರೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು. ಇವೆರಡಕ್ಕಿಂತ ನೇರವಾದದ್ದು "ನಿಂದು ಜಾಸ್ತಿ ಆಯ್ತು". ಕಲಿಯುವವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಬೈಗುಳ ಇಲ್ಲ, ಮೈ ಮನೆತನದ ಸುದ್ದಿ ಇಲ್ಲ, ಗೆರೆ ದಾಟಿದ್ದೀಯ ಅಂತ ಮಾತ್ರ ಇದೆ. "ನಿಮ್ದು ಜಾಸ್ತಿ ಆಯ್ತು ಸಾರ್" ಅಂತ ಬಹುವಚನದಲ್ಲೂ ಚೆನ್ನಾಗಿ ಕೂರುತ್ತದೆ.

## ಮಾತಿನ ಬಾಲ, ಊರಿನ ದಾರಿ

ಒಬ್ಬರು "ಏಕವಚನದಲ್ಲಿ ಮಾತಾಡ್ಬೇಡಿ" ಅಂತ ನನ್ಮೇಲೆ ರೇಗಿದ್ರು. ನಾನು ಬೈದೇ ಇರ್ಲಿಲ್ಲ. ಏನಾಯ್ತು?

ನೀವು "ನೀವು" ಅನ್ನುವ ಬದಲು "ನೀನು" ಅಂದಿರಬೇಕು, ಇಲ್ಲವೇ "ಹೋಗಿ" ಅನ್ನುವ ಬದಲು "ಹೋಗು" ಅಂದಿರಬೇಕು. ಕನ್ನಡದಲ್ಲಿ ಅಷ್ಟೇ ಸಾಕು. ವ್ಯಾಕರಣದ ಪದವೊಂದು ಬೀದಿ ಜಗಳದ ನಡುವೆ ಇಷ್ಟು ಸಲೀಸಾಗಿ ಓಡಾಡುವುದನ್ನು ನೋಡಿ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದವರೂ "ಏಕವಚನ ಬೇಡ" ಅನ್ನುತ್ತಾರೆ. ಎಲ್ಲರಿಗೂ ಅರ್ಥ ಗೊತ್ತು: ನನ್ನನ್ನು ಕೆಳಗಿಟ್ಟು ಮಾತಾಡಬೇಡ.

ಒಮ್ಮೆ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬಸ್ಸಿನಲ್ಲಿ ಚಿಲ್ಲರೆ ವಿಷಯಕ್ಕೆ ಕಂಡಕ್ಟರಿಗೂ ಒಬ್ಬ ಪ್ರಯಾಣಿಕನಿಗೂ ಮಾತು ಹತ್ತಿತ್ತು. ಇಬ್ಬರೂ ಏರಿದ ದನಿಯಲ್ಲೇ ಇದ್ದರು. "ಚಿಲ್ರೆ ಇಲ್ಲ ಅಂದ್ರೆ ಎಲ್ಲಿಂದ ತರ್ಲಿ ಸ್ವಾಮಿ?" "ನಿಮ್ ಕೆಲ್ಸ ಅಲ್ವೇನ್ರೀ ಅದು?" ಹೀಗೆ ನಾಲ್ಕು ನಿಮಿಷ. ಯಾರೂ ತಲೆ ಎತ್ತಿ ನೋಡಲಿಲ್ಲ. ಆಮೇಲೆ ಪ್ರಯಾಣಿಕ "ಕೊಡೋ ಮೊದ್ಲು" ಅಂದ. "ಕೊಡ್ರೀ" ಹೋಗಿ "ಕೊಡೋ" ಆಯಿತು. ಇಡೀ ಬಸ್ಸು ತಿರುಗಿತು. ಅಲ್ಲಿವರೆಗೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತು, "ಏನಪ್ಪಾ, ಮರ್ಯಾದೆ ಕೊಟ್ಟು ಮಾತಾಡು, ಅವ್ರೇನು ನಿಮ್ಮನೆ ಆಳಾ?" ಅಂದರು. ದುಡ್ಡಿನ ವಿಷಯ ಅಲ್ಲಿಗೆ ಯಾರಿಗೂ ಬೇಡವಾಯಿತು. ಕಂಡಕ್ಟರ್ ಕೊನೆಗೆ ಬೇರೆಯವರ ಹತ್ತಿರ ಚಿಲ್ಲರೆ ಕೇಳಿ ಕೊಟ್ಟರು. ಆದರೆ ಆ ಪ್ರಯಾಣಿಕನ ಮುಖ ನೋಡಲಿಲ್ಲ.

ನೀವು ಹೊಸದಾಗಿ ಕನ್ನಡ ಕಲಿಯುತ್ತಿದ್ದರೆ, ಎಲ್ಲರಿಗೂ ಬಹುವಚನ ಬಳಸಿ. ಆಟೋದವರಿಗೆ, ತರಕಾರಿಯವರಿಗೆ, ಮನೆಕೆಲಸಕ್ಕೆ ಬರುವವರಿಗೆ, ಸೆಕ್ಯುರಿಟಿಯವರಿಗೆ. ಕೆಲವರಿಗೆ "ನೀನು" ಅನ್ನುವುದು ಮನೆಯಲ್ಲೇ ರೂಢಿಯಾಗಿರುತ್ತದೆ. ಅದನ್ನು ಬಿಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ತಪ್ಪಾಗಿ ಏಕವಚನ ಬಂದುಬಿಟ್ಟರೆ "ಕ್ಷಮಿಸಿ, ಕನ್ನಡ ಕಲೀತಾ ಇದೀನಿ" ಅನ್ನಿ. ಅದನ್ನು ಕೇಳಿದ ಮೇಲೂ ಕೋಪ ಉಳಿಸಿಕೊಂಡವರನ್ನು ನಾನು ಕಂಡಿಲ್ಲ.

ಲೋ, ಲೇ, ಲಾ. ಇದರಲ್ಲಿ ಯಾವುದು ಬೈಗುಳ?

ಹುಟ್ಟಿನಿಂದ ಯಾವುದೂ ಅಲ್ಲ. ಇವು ಕರೆಯುವ ಪದಗಳು. ಹಳೆಯ "ಎಲೇ", "ಎಲವೋ" ಸವೆದು ಲೇ, ಲೋ ಆಗಿವೆ. ಯಕ್ಷಗಾನದಲ್ಲಿ ಇಬ್ಬರು ವೀರರು ಎದುರಾದಾಗ "ಎಲವೋ" ಅಂತ ಕೂಗುವುದನ್ನು ಕೇಳಿದ್ದೀರಲ್ವಾ? ಬೀದಿಯಲ್ಲಿ "ಲೋ" ಅನ್ನುವವನೂ ಅದೇ ಸವಾಲನ್ನು ಗಿಡ್ಡ ಮಾಡಿ ಎಸೆಯುತ್ತಿದ್ದಾನೆ. ಬೆರಗಿನ "ಎಲಾ ಇವನ!" ಕೂಡ ಅದೇ ಬಳಗದ್ದು.

ಬೆಂಗಳೂರಿನ ಸುತ್ತ ಗಂಡಸರಿಗೆ ಲೋ, ಹೆಂಗಸರಿಗೆ ಲೇ ಅನ್ನುವುದು ಸಾಮಾನ್ಯ ರೂಢಿ. ಮಂಡ್ಯ, ಮೈಸೂರಿನ ಕಡೆ "ಏನ್ಲಾ", "ಯಾಕ್ಲಾ". ಹುಬ್ಬಳ್ಳಿ, ಧಾರವಾಡದ ಕಡೆ ಗಂಡಸರಿಗೂ "ಲೇ" ನಡೆಯುತ್ತದೆ. ಸಲಿಗೆ ಇದ್ದಲ್ಲಿ ಇವು ಅಪ್ಪುಗೆ. ಸಲಿಗೆ ಇಲ್ಲದಲ್ಲಿ ಇವು ಕುತ್ತಿಗೆಪಟ್ಟಿಗೆ ಕೈ ಹಾಕಿದ ಹಾಗೆ.

ನಾನು ಹುಬ್ಬಳ್ಳಿಯವ. ಇಲ್ಲಿ ಗೆಳೆಯನಿಗೆ "ಯಾಕಲೇ ಮಗನ" ಅಂದ್ರೆ ಮುನಿಸ್ಕೊಂಡ. ನಮ್ಮಲ್ಲಿ ಅದು ಪ್ರೀತಿ ರೀ!

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಿಮ್ಮ ಕಡೆ ಮಾತಿನ ಗತ್ತೇ ಹಾಗೆ. "ಮಗನ" ಅನ್ನುವುದು ನಿಮ್ಮ ಕಿವಿಗೆ ಬೆನ್ನು ತಟ್ಟಿದಂತೆ ಕೇಳುತ್ತದೆ. ದಕ್ಷಿಣದ ಕಿವಿಗೆ ಅದೇ ಪದ ಅರ್ಧ ಬೈಗುಳ, ಅದರ ಹಿಂದೆ ಇನ್ನೇನೋ ಪದ ಬಿಟ್ಟುಹೋಗಿದೆ ಅನಿಸುತ್ತದೆ. ತಪ್ಪು ನಿಮ್ಮದೂ ಅಲ್ಲ, ಅವನದೂ ಅಲ್ಲ. ಒಂದು ಚಹಾ ಕುಡಿಸಿ ವಿವರಿಸಿ.

ಇದರ ತಿರುಗು ಕೂಡ ಇದೆ. ಬೆಂಗಳೂರಿನವರು "ಹೋಗಪ್ಪಾ", "ಬಾರಮ್ಮ" ಅಂತ ಪ್ರೀತಿಯಿಂದ ಅಂದರೂ, "ರೀ" ಕೇಳಿ ಬೆಳೆದ ಧಾರವಾಡದ ಹಿರಿಯರಿಗೆ ಅದು ಒರಟು. ಅಲ್ಲಿ ಬೈಯುವಾಗಲೂ "ರೀ" ಬಿಡದವರಿದ್ದಾರೆ. "ಏನ್ರೀ, ನಿಮಗ ತಿಳಿಯೂದಿಲ್ಲೇನ್ರೀ?" ಅಂದರೆ ಕಿವಿ ಹಿಂಡಿದ್ದೂ ಆಯಿತು, ಮರ್ಯಾದೆ ಉಳಿದದ್ದೂ ಆಯಿತು.

ಮಂಗಳೂರಿನವರು "ಎಂತ ಮಾರಾಯ" ಅಂದಾಗ ಕೋಪ ಬಂದಿದೆಯಾ ಇಲ್ವಾ ಅಂತ ತಿಳಿಯೋದು ಹೇಗೆ?

"ಮಾರಾಯ" ಇರುವವರೆಗೆ ನೀವು ಕ್ಷೇಮ. "ಎಂತ ಮಾರಾಯ ಹೀಗೆ ಮಾಡುದಾ?" ಅನ್ನುವುದು ಬೇಸರ, ಜಗಳ ಅಲ್ಲ. "ಮಾರಾಯ" ಬಿದ್ದುಹೋಗಿ "ಎಂತ ನಿಂದು?" ಮಾತ್ರ ಉಳಿದಾಗ ಎಚ್ಚರ. "ಮಂಡೆ ಸಮ ಇಲ್ವಾ?" ಅಂದರೆ ತಲೆ ಸರಿ ಇಲ್ಲವಾ ಅಂತ. "ಮಂಡೆ ಬೆಚ್ಚ ಮಾಡ್ಬೇಡ" ಅಂದರೆ ಇನ್ನೂ ತಾಳ್ಮೆ ಉಳಿದಿದೆ ಅಂತ ಅರ್ಥ.

"ಸಾರ್", "ಸ್ವಾಮಿ" ಅಂತ ಕರೆದೇ ಜನ ಬೈತಾರಲ್ಲ, ಅದು ಹೇಗೆ?

ಮರ್ಯಾದೆ ಜಾಸ್ತಿ ಮಾಡಿ ಚುಚ್ಚುವುದು ಕನ್ನಡದ ಹಳೆಯ ಕಲೆ. "ಏನ್ ಸಾಹೇಬ್ರೇ, ಈಗ ಎದ್ರಾ?" "ಓಹೋ, ದೊಡ್ಡೋರು ಬಂದ್ರು." ಎಷ್ಟು ದೊಡ್ಡ ಬಿರುದೋ ಅಷ್ಟು ಆಳಕ್ಕೆ ಇಳಿಯುತ್ತದೆ. ಮನೆಯಲ್ಲಿ ದಿನಾ "ನೀನು" ಅನ್ನುವ ಹೆಂಡತಿ ಇದ್ದಕ್ಕಿದ್ದಂತೆ "ನೀವು" ಅಂದರೆ ಗಂಡನಿಗೆ ತಕ್ಷಣ ಗೊತ್ತಾಗುತ್ತದೆ, ಏನೋ ಎಡವಟ್ಟಾಗಿದೆ ಅಂತ.

ಇದರ ಒಳ್ಳೆಯ ಬಳಕೆಯನ್ನು ನಾನು ಕಲಿತದ್ದು ಒಬ್ಬ ಅಜ್ಜಿಯಿಂದ. ಔಷಧಿ ಕೌಂಟರಿನ ಮುಂದೆ ಉದ್ದ ಸಾಲು. ಇಸ್ತ್ರಿ ಅಂಗಿಯ ಯುವಕನೊಬ್ಬ ನೇರವಾಗಿ ಮುಂದೆ ಹೋಗಿ ಚೀಟಿ ಚಾಚಿದ. ಸಾಲಿನಲ್ಲಿದ್ದವರು ಗೊಣಗಿದರು, ಯಾರೂ ಎದುರಿಗೆ ಹೇಳಲಿಲ್ಲ. ಅಜ್ಜಿ ಊರುಗೋಲು ಬದಲಿಸಿ ಹಿಡಿದು, "ಏನಪ್ಪಾ ರಾಜ, ನಾವೆಲ್ಲ ಇಲ್ಲಿ ಫೋಟೋ ತೆಗ್ಸೋಕೆ ನಿಂತಿದೀವಾ?" ಅಂದರು. ಸಾಲು ಪೂರ್ತಿ ನಕ್ಕಿತು. ಅವನೂ ನಕ್ಕ. ಚೀಟಿ ಮಡಚಿಕೊಂಡು ಹಿಂದೆ ಹೋಗಿ ನಿಂತ. "ಕಣ್ಣು ಕಾಣಲ್ವಾ?" ಅಂದಿದ್ದರೆ ಅವನು ಹಿಂದೆ ಹೋಗುತ್ತಿರಲಿಲ್ಲ ಅಂತ ನನಗೆ ಖಾತ್ರಿ. ಅಜ್ಜಿ ಅವನನ್ನು ರಾಜ ಅಂದರು, ಮಾಡಿದ ಕೆಲಸವನ್ನಷ್ಟೇ ಹಿಡಿದರು.

## ಇನ್ನೂ ಆಳಕ್ಕೆ

"ಸರಿ ಇರಲ್ಲ ನೋಡು", "ನೆಟ್ಟಗಿರಲ್ಲ" ಅಂತಾರೆ. ಏನು ಸರಿ ಇರಲ್ಲ?

ಅದನ್ನು ಹೇಳದೇ ಇರುವುದರಲ್ಲೇ ಈ ಮಾತಿನ ಶಕ್ತಿ ಇದೆ. ಯಾರು ಮಾಡುತ್ತಾರೆ, ಏನು ಮಾಡುತ್ತಾರೆ, ಯಾವಾಗ, ಯಾವುದೂ ಇಲ್ಲ. "ಹೊಡೀತೀನಿ" ಅಂದವನು ಹೊಡೆಯಬೇಕಾಗುತ್ತದೆ, ಇಲ್ಲದಿದ್ದರೆ ಮಾನ ಹೋಗುತ್ತದೆ. "ಸರಿ ಇರಲ್ಲ" ಅಂದವನಿಗೆ ವಾಪಸ್ ಬರಲು ದಾರಿ ಇದೆ. ನಾಳೆ ಸುಮ್ಮನಾದರೂ ಯಾರೂ ಆಡಿಕೊಳ್ಳುವುದಿಲ್ಲ. ಇಬ್ಬರಿಗೂ ಮುಖ ಉಳಿಯುತ್ತದೆ.

"ಚೆನ್ನಾಗಿರಲ್ಲ" ಅನ್ನುವುದು ಇದಕ್ಕಿಂತ ಮೆದು. ಅದನ್ನು ಬುದ್ಧಿಮಾತಾಗಿಯೂ ಹೇಳಬಹುದು: "ಹಾಗೆಲ್ಲ ಮಾತಾಡಿದ್ರೆ ಚೆನ್ನಾಗಿರಲ್ಲ ಕಣೋ." "ಬಾಲ ಬಿಚ್ಬೇಡ" ಮೇಲಿನವನು ಕೆಳಗಿನವನಿಗೆ ಹೇಳುವ ಮಾತು. ಎದುರಿನವನನ್ನು ಪ್ರಾಣಿಯ ಸಾಲಿಗೆ ಇಳಿಸುವುದರಿಂದ ನಾನು ಅದನ್ನು ಬಳಸುವುದಿಲ್ಲ.

ಬಸ್ಸಲ್ಲಿ ಯಾರಾದ್ರೂ ಮೈ ಮುಟ್ಟಿದ್ರೆ "ನಿಂಗೆ ಅಕ್ಕ ತಂಗಿ ಇಲ್ವಾ?" ಅಂತ ಕೇಳು ಅಂತಾರೆ. ಅದು ಸರಿನಾ?

ಈ ಪ್ರಶ್ನೆ ಕೇಳಿದವಳು ಕಾಲೇಜಿಗೆ ಹೋಗುವ ಹುಡುಗಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಈ ಮಾತನ್ನು ನಮ್ಮ ತಾಯಂದಿರು ಬಳಸಿದ್ದಾರೆ, ಅದರಿಂದ ಎಷ್ಟೋ ಜನ ಬಚಾವಾಗಿದ್ದಾರೆ. ಅದನ್ನು ಹಗುರ ಮಾಡುವುದಿಲ್ಲ. ಆದರೆ ಯೋಚಿಸಿ ನೋಡು, ಅವನಿಗೆ ಅಕ್ಕ ತಂಗಿ ಇಲ್ಲದಿದ್ದರೆ? ನಿನ್ನನ್ನು ಮುಟ್ಟಬಾರದು ಅನ್ನುವುದಕ್ಕೆ ನೀನು ಇನ್ನೊಬ್ಬರ ತಂಗಿಯಂತೆ ಇರಬೇಕಿಲ್ಲ. ಅದು ನಿನ್ನ ಮೈ, ಅಷ್ಟು ಸಾಕು.

ನನ್ನ ಸಲಹೆ: ಪ್ರಶ್ನೆ ಬೇಡ. ಆಜ್ಞೆ ಕೊಡು, ಮತ್ತು ಏನು ನಡೆಯುತ್ತಿದೆ ಅಂತ ಎಲ್ಲರಿಗೂ ಕೇಳುವಂತೆ ಹೇಳು. "ಕೈ ತೆಗಿ!" "ದೂರ ನಿಲ್ಲು!" "ನೀಲಿ ಅಂಗಿಯವ್ನು ಮೈ ಮುಟ್ತಿದಾನೆ, ನೋಡಿ!" ಅಂಗಿ ಬಣ್ಣ ಹೇಳಿದರೆ ಎಲ್ಲರ ಕಣ್ಣು ಒಂದೇ ಕಡೆ ಹೋಗುತ್ತದೆ. ಇಲ್ಲಿ ಬಹುವಚನದ ಋಣ ನಿನ್ನ ಮೇಲಿಲ್ಲ. ತುರ್ತಿಗೆ 112ಕ್ಕೆ ಕರೆ ಮಾಡಬಹುದು. ಎದುರು ಮಾತಾಡಿದವಳಿಗೆ "ಬಜಾರಿ", "ಗಂಡುಬೀರಿ" ಅನ್ನುವವರು ಇರುತ್ತಾರೆ. ಅದು ಬಾಯಿ ಮುಚ್ಚಿಸಲು ಎಸೆಯುವ ಮಾತು, ಅದಕ್ಕೆ ಕಿವಿಗೊಡಬೇಡ.

ಆಫೀಸಲ್ಲಿ ಮೇಲಿನವರಿಗೆ ಹೇಗೆ ಹೇಳೋದು? ಅವರಿಗೆ "ಜಾಸ್ತಿ ಆಯ್ತು" ಅನ್ನೋಕಾಗಲ್ಲ.

"ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತು ಹೇಳ್ತೀನಿ" ಅಂತ ಶುರುಮಾಡಿ. ಕನ್ನಡದಲ್ಲಿ ಇದು ಬಾಗಿಲು ತಟ್ಟಿದಂತೆ. "ಹೇಳಿ" ಅಂತ ಅವರ ಬಾಯಿಂದ ಬಂದ ಮೇಲೆ ನೇರವಾಗಿ ಹೇಳಬಹುದು: "ಎಲ್ಲರ ಮುಂದೆ ಹಾಗೆ ಬೈದದ್ದು ನನಗೆ ಸರಿ ಬರ್ಲಿಲ್ಲ ಸಾರ್." "ನೀವು ತಪ್ಪು" ಅನ್ನುವುದಕ್ಕಿಂತ "ನನಗೆ ಸರಿ ಬರ್ಲಿಲ್ಲ" ಅನ್ನುವುದನ್ನು ಅಲ್ಲಗಳೆಯುವುದು ಕಷ್ಟ.

ಎಷ್ಟೇ ಕೋಪ ಬಂದ್ರೂ ಬಳಸಬಾರದ ಮಾತುಗಳು ಯಾವುವು? ಕಾನೂನು ಏನನ್ನುತ್ತೆ?

ಜಾತಿಯ ಹೆಸರನ್ನು ಬೈಗುಳದಂತೆ ಬಳಸುವುದು ಮೊದಲನೆಯದು. ನಮ್ಮ ಆಡುಮಾತಿನಲ್ಲಿ ಇದು ಎಷ್ಟು ಒಳಗೆ ಹೊಕ್ಕಿದೆ ಅಂದರೆ, ಕೊಳಕು, ಒರಟು, ಜಿಪುಣ ಅನ್ನುವುದಕ್ಕೆಲ್ಲ ಯಾವುದೋ ಒಂದು ಸಮುದಾಯದ ಹೆಸರು ಹೇಳುವ ಮನೆಗಳು ಇವತ್ತೂ ಇವೆ. "ಸುಮ್ನೆ ಬಾಯಿಗೆ ಬಂತು" ಅನ್ನುವುದು ನೆಪ. ಬಾಯಿಗೆ ಬರುವಷ್ಟು ಸಲ ಕೇಳಿದ್ದೇವೆ ಅಂತ ಅದರ ಅರ್ಥ. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ನಾಲ್ಕು ಜನರ ಕಣ್ಣೆದುರು ಜಾತಿ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ ಜೈಲು ಮತ್ತು ದಂಡ.

"ಕುಂಟ", "ಕಿವುಡ", "ಹುಚ್ಚ", "ಕುರುಡ" ಕೂಡ ಬೇಡ. ತಾಯಿಯನ್ನು, ಹೆಂಡತಿಯನ್ನು ಎಳೆದು ತರುವ ಮಾತುಗಳೂ ಬೇಡ. ಜಗಳ ನಿಮ್ಮಿಬ್ಬರದು, ಅಲ್ಲಿಲ್ಲದ ಹೆಂಗಸಿಗೆ ಏಟು ಯಾಕೆ?

ಉಳಿದಂತೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಎರಡು ಕಲಂ ನೆನಪಿಡಿ. ಜಗಳಕ್ಕೆ ಕೆರಳಿಸುವ ಉದ್ದೇಶದಿಂದ ಬೇಕಂತಲೇ ಅವಮಾನ ಮಾಡುವುದು 352, ಹಿಂದೆ ಅದು ಐಪಿಸಿ 504 ಆಗಿತ್ತು. ಬೆದರಿಕೆ ಹಾಕುವುದು 351. ಎರಡಕ್ಕೂ ಎರಡು ವರ್ಷದವರೆಗೆ ಜೈಲು ಆಗಬಹುದು. ಕೊಲ್ಲುತ್ತೇನೆ ಅನ್ನುವಂಥ ಬೆದರಿಕೆಗೆ ಏಳು ವರ್ಷದವರೆಗೆ. "ಏನ್ ಗುರು, ಜಾಸ್ತಿ ಆಯ್ತು" ಅಂದಿದ್ದಕ್ಕೆ ಯಾರೂ ನಿಮ್ಮನ್ನು ಸ್ಟೇಷನ್ನಿಗೆ ಎಳೆಯುವುದಿಲ್ಲ. "ನಿನ್ನ ಮುಗಿಸ್ತೀನಿ" ಅಂತ ವಾಟ್ಸಾಪಿನಲ್ಲಿ ಬರೆದು ಕಳಿಸಿದರೆ ಅದು ಸಾಕ್ಷಿಯಾಗಿ ಉಳಿಯುತ್ತದೆ.

ಮೆಸೇಜಲ್ಲಿ "ಏನೀಗ" ಅಂತ ಬರೆದ್ರೆ ಯಾಕೆ ಅಷ್ಟು ಒರಟಾಗಿ ಕಾಣುತ್ತೆ?

ದನಿ ಇಲ್ಲ, ಮುಖ ಇಲ್ಲ. ಮಾತಿನಲ್ಲಿ ಎಳೆದು, ನಕ್ಕು ಹೇಳುವುದೆಲ್ಲ ಬರಹದಲ್ಲಿ ಉದುರಿಹೋಗುತ್ತದೆ. ತರಾಟೆಗೆ ತೆಗೆದುಕೊಳ್ಳಲೇಬೇಕು ಅನಿಸಿದರೆ ಫೋನ್ ಮಾಡಿ.

ಯಾರಾದ್ರೂ ನನ್ನನ್ನೇ ತರಾಟೆಗೆ ತಗೊಂಡ್ರೆ ಏನ್ ಹೇಳ್ಲಿ?

ತಪ್ಪು ನಿಮ್ಮದಾದರೆ "ಹೌದು, ತಪ್ಪಾಯ್ತು" ಅನ್ನಿ. "ತಪ್ಪಾಯ್ತು, ಆದ್ರೆ ನೀನು ಕೂಡ" ಅನ್ನಬೇಡಿ. "ಆದ್ರೆ" ಬಂದ ಕೂಡಲೇ ಮುಂಚಿನ ಮಾತು ಅಳಿಸಿಹೋಗುತ್ತದೆ. ತಪ್ಪು ನಿಮ್ಮದಲ್ಲದಿದ್ದರೆ, ಅವರಿಗಿಂತ ಒಂದು ಮೆಟ್ಟಿಲು ಕೆಳಗಿನ ದನಿಯಲ್ಲಿ, ಬಹುವಚನದಲ್ಲಿ, "ಏನಾಯ್ತು ಹೇಳಿ" ಅನ್ನಿ. "ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?" ಅಂದವರಿಗೆ "ಗೊತ್ತಿಲ್ಲ, ಹೇಳಿ" ಅನ್ನುವುದು ರುಚಿಯಾಗಿ ಕಾಣುತ್ತದೆ. ಆದರೆ ಅದು ಬೆಂಕಿಗೆ ತುಪ್ಪ. ಕುಡಿದವರ ಹತ್ತಿರ, ರಾತ್ರಿ ರಸ್ತೆಯಲ್ಲಿ, ಗುಂಪಿನ ಎದುರು ಯಾವ ಉತ್ತರವೂ ಬೇಡ, ಅಲ್ಲಿಂದ ಹೊರಡಿ.

ನನ್ ಮಗ ಒಂಬತ್ತು ವರ್ಷದವನು. ಏನ್ ಹೇಳಿದ್ರೂ "ಏನಿವಾಗ?" ಅಂತಾನೆ. ಹೊಡೀಬೇಕು ಅನ್ಸುತ್ತೆ.

ಹೊಡೆಯಬೇಡಿ. ಅವನಿಗೆ ಈ ಮಾತಿನ ತೂಕ ಗೊತ್ತಿಲ್ಲ. ದೊಡ್ಡವರು ಇದನ್ನು ಅಂದಾಗ ಎದುರಿನವರು ಸುಮ್ಮನಾಗುವುದನ್ನು ನೋಡಿದ್ದಾನೆ ಅಷ್ಟೇ. ಎಲ್ಲಿ ಕೇಳಿದ ಅಂತ ವಿಚಾರಿಸಿ. ಎಷ್ಟೋ ಸಲ ಉತ್ತರ ಮನೆಯೊಳಗೇ ಸಿಗುತ್ತದೆ.

ಪರಿಚಯದ ತಾಯಿಯೊಬ್ಬರಿಗೆ ಇದನ್ನೇ ಹೇಳಿದ್ದೆ. ಅವರು ಮಗನನ್ನು ಕೂರಿಸಿಕೊಂಡು, "ನೀನು 'ಏನಿವಾಗ' ಅಂದ್ರೆ ನಾನು ಹೇಳಿದ್ದು ನಿಂಗೆ ಬೇಕಾಗಿಲ್ಲ ಅಂತ ಆಗುತ್ತೆ. ನಿಂಗೆ ನಿಜವಾಗ್ಲೂ ಹೇಳ್ಬೇಕಾಗಿರೋದು ಏನು?" ಅಂತ ಕೇಳಿದರಂತೆ. ಹುಡುಗ ತುಂಬಾ ಹೊತ್ತು ಚಾಪೆಯ ಅಂಚು ಕೀಳುತ್ತಾ ಕೂತು, "ಆಟ ಮುಗ್ಸಿ ಬರ್ತೀನಿ ಅಂತ" ಅಂದನಂತೆ. "ಹಾಗೇ ಹೇಳು" ಅಂದರು ತಾಯಿ. ಮರುದಿನ ಸಂಜೆ ಬಾಗಿಲಿಂದ ಕರೆದಾಗ, "ಅಮ್ಮಾ, ಒಂದೇ ಒಂದ್ ಓವರ್!" ಅಂತ ಕೂಗಿದ.